ಲೀಮರ್ ಮತ್ತು ಪತಂಗ: ಶಾಲೆಗೆ ತಂದ ಒಂದು ಚಾರ್ಟಿನ ಬಗ್ಗೆ

ನಮ್ಮ ಕನ್ನಡ ಮಾಧ್ಯಮ ಶಾಲೆಯ ಏಳನೆಯ ತರಗತಿಗೆಂದು ಕಾಸರಗೋಡು ಪೇಟೆಯ ಪುಸ್ತಕದಂಗಡಿಯೊಂದರಿಂದ ಕಳೆದ ತಿಂಗಳು ಈ ಚಾರ್ಟನ್ನು ತಂದೆ. ವಿಜ್ಞಾನದ ಚಾರ್ಟುಗಳು ಇಲ್ಲಿ ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವುದರಿಂದ, ಅಚ್ಚುಕಟ್ಟಾದ ಕನ್ನಡದಲ್ಲಿರುವ ಇದನ್ನು ಬಿಟ್ಟುಬರಲು ಮನಸ್ಸಾಗಲಿಲ್ಲ. ಎಡಕ್ಕೆ ಮಡಗಾಸ್ಕರಿನ ಉಂಗುರಬಾಲದ ಲೀಮರ್, ಬಲಕ್ಕೆ ಅಟ್ಲಾಸ್ ಪತಂಗ, ನಡುವೆ ವರ್ಗೀಕರಣ, ಕೆಳಗೆ ಸಂರಕ್ಷಣಾ ಸ್ಥಿತಿ.

ವರ್ಗೀಕರಣದ ಭಾಗ ಚೆನ್ನಾಗಿದೆ. ಎರಡೂ ಪ್ರಾಣಿಗಳು ಎಂಬಲ್ಲಿಗೆ ನಂಟು ಮುಗಿದು, ಮರುಮೆಟ್ಟಿಲಲ್ಲೇ ಲೀಮರ್ ಬೆನ್ನೆಲುಬಿನ ಪ್ರಾಣಿಗಳೂ ಸೇರಿರುವ ಕಾರ್ಡೇಟಗಳ ಕಡೆಗೂ ಪತಂಗ ಕೀಲುಗಾಲಿನ ಸಂಧಿಪದಿಗಳ ಕಡೆಗೂ ಹೊರಳುವುದನ್ನು ಕವಲುಗೆರೆಗಳಲ್ಲಿ ತೋರಿಸಿದ್ದಾರೆ. ಒಂದು ಸಸ್ತನಿ, ಮಂಗಗಳೂ ಮನುಷ್ಯರೂ ಇರುವ ಪ್ರೈಮೇಟ್ ಗಣದ್ದು. ಇನ್ನೊಂದು ಕೀಟ, ಚಿಟ್ಟೆಗಳಿರುವ ಲೆಪಿಡಾಪ್ಟೆರಾ ಗಣದ್ದು. ಎರಡನ್ನೂ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಹೆಸರಿಸಿದ ಎಂಬ ಟಿಪ್ಪಣಿಯೂ ಇದೆ. ಪತಂಗವನ್ನು ನಿಜ ಗಾತ್ರದಲ್ಲೇ, ರೆಕ್ಕೆಯ ತುದಿಯಿಂದ ತುದಿಗೆ 24 ಸೆಂಟಿಮೀಟರ್ ಬರುವಂತೆ ಅಚ್ಚುಹಾಕಿದ್ದಾರೆ. ಹುಡುಗಿಯೊಬ್ಬಳು ಅದರ ಮೇಲೆ ಎರಡೂ ಅಂಗೈಗಳನ್ನು ಜೋಡಿಸಿಟ್ಟು ನೋಡಿದಳು. ಹಾವಿನ ತಲೆಯಂತಿರುವ ರೆಕ್ಕೆಯ ತುದಿಗಳು ಅವಳ ಹೆಬ್ಬೆರಳುಗಳ ಆಚೆಗೂ ಚಾಚಿಕೊಂಡಿದ್ದವು. ಬೆಳೆದ ಪತಂಗಕ್ಕೆ ಉಣ್ಣುವ ಬಾಯಿಯಿಲ್ಲ, ಹುಳುವಾಗಿದ್ದಾಗ ತಿಂದುದರ ಬಲದಲ್ಲೇ ಒಂದೆರಡು ವಾರ ಬದುಕುತ್ತದೆ ಎಂಬ ಮಾತನ್ನೂ ಸೇರಿಸಬಹುದಿತ್ತು. ನಮ್ಮ ಕಾಡುಪಾಪ ಲೀಮರಿನದೇ ಉಪಗಣಕ್ಕೆ, ಅಂದರೆ ಒದ್ದೆಮೂಗಿನ ಪ್ರೈಮೇಟುಗಳ ಗುಂಪಿಗೆ ಸೇರಿದ್ದು; ಅದರದೊಂದು ಪುಟ್ಟ ಚಿತ್ರವಿದ್ದಿದ್ದರೆ ಮಡಗಾಸ್ಕರ್ ಮಕ್ಕಳಿಗೆ ಅಷ್ಟು ದೂರವೆನಿಸುತ್ತಿರಲಿಲ್ಲ.

ನನ್ನ ನಿಜವಾದ ತಕರಾರು ಕೆಳಭಾಗದ ಬಗ್ಗೆ. ಲೀಮರಿನ ಎದುರು 'ಅಳಿವಿನಂಚಿನಲ್ಲಿದೆ' ಎಂದು ಬರೆದಿರುವುದು ಸರಿ. ಕಾಡು ಸುಟ್ಟು ಬೇಸಾಯ ಮಾಡುವುದು, ಇದ್ದಿಲಿಗಾಗಿ ಮರ ಕಡಿಯುವುದು, ಬೇಟೆ ಇವೆಲ್ಲ ಸೇರಿ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ 2020ರಲ್ಲಿ ತಿಳಿಸಿದಂತೆ, 107 ಲೀಮರ್ ಪ್ರಭೇದಗಳಲ್ಲಿ 103ನ್ನು ಅಪಾಯಕ್ಕೆ ದೂಡಿವೆ. ಆದರೆ ಪತಂಗದ ಎದುರು ಹಸಿರು ಬಣ್ಣದಲ್ಲಿ 'ಅಪಾಯವಿಲ್ಲ' ಎಂದು ಅಚ್ಚಾಗಿದೆ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಎಂದು ತೋರಿಸುವ ಆ ಸಂಸ್ಥೆಯ ಕೆಂಪು ಪಟ್ಟಿಗಾಗಿ ಅಟ್ಲಾಸ್ ಪತಂಗದ ಮೌಲ್ಯಮಾಪನವೇ ನಡೆದಿಲ್ಲ. ಪರೀಕ್ಷೆಗೆ ಕುಳಿತಿರದ ವಿದ್ಯಾರ್ಥಿಯನ್ನು ಪಾಸು ಎಂದು ಬರೆದುಬಿಟ್ಟರೆ ಹೇಗೋ ಇದೂ ಹಾಗೆಯೇ. ಹೆಸರು ಪಡೆದ ಸುಮಾರು 1,60,000 ಪತಂಗ ಪ್ರಭೇದಗಳಲ್ಲಿ ಬಹುಪಾಲಿನ ಸ್ಥಿತಿ ಇದೇ ಆಗಿರುವಾಗ, ಆ ಒಂದು ಪದ ಮಕ್ಕಳನ್ನು ಪೂರ್ತಿ ದಾರಿತಪ್ಪಿಸುತ್ತದೆ.

ಕಾಗದ ದಪ್ಪವಾಗಿದೆ, ಬಣ್ಣ ಮಾಸುವಂತಿಲ್ಲ; ಕೊಟ್ಟ 180 ರೂಪಾಯಿಗೆ ಮೋಸವಿಲ್ಲ. ಆ ಹಸಿರು ಪದದ ಮೇಲೆ ಬಿಳಿ ಕಾಗದದ ಚೂರೊಂದನ್ನು ಅಂಟಿಸಿ, 'ಇನ್ನೂ ಮೌಲ್ಯಮಾಪನವಾಗಿಲ್ಲ' ಎಂದು ಮಕ್ಕಳ ಕೈಯಿಂದಲೇ ಬರೆಸಿ ತೂಗುಹಾಕಿದ್ದೇನೆ.