ಹಿಂಬಾಗಿಲಿನ ಲೋಳೆಸರ: ಆರು ವರ್ಷ ಬಳಸಿದ ಮೇಲೆ

ಠಾಣೆಯಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್. ಗಲ್ಲಾ ಮೇಲೆ ಕೂರುವುದು ನಾನು. ಲೋಳೆಸರದ ಬಗ್ಗೆ ಬರೆಯುತ್ತೇನೆ ಅಂದಾಗ ಮನೆಯವಳು, "ಅದರಲ್ಲಿ ಬರೆಯೋಕೆ ಏನಿದೆ, ಎಲ್ಲರ ಬಾಲ್ಕನಿಯಲ್ಲೂ ಇದೆಯಲ್ಲ" ಅಂದಳು. ಇದೆ, ನಿಜ. ಆದರೆ ಗಿಡವನ್ನು ಆರು ವರ್ಷ ಬಳಸಿ, ನಡುವೆ ಅದರದ್ದೇ ಜ್ಯೂಸ್ ಬಾಟಲಿ ಕುಡಿದು ಹೊಟ್ಟೆ ಕೆಡಿಸಿಕೊಂಡವನು ನಾನು. ಎರಡನ್ನೂ ಹೇಳಬೇಕು ಅನಿಸಿತು.

2019ರ ಮೇ ತಿಂಗಳಲ್ಲಿ ಘೋಡಬಂದರ್ ರಸ್ತೆ ಬದಿಯ ಒಂದು ನರ್ಸರಿಯಲ್ಲಿ ಅರವತ್ತು ರೂಪಾಯಿ ಕೊಟ್ಟು ತಂದೆ. ಮಾರುವವನು "ಕೋರ್ಫಡ್ ಆಹೇ, ಪಾಣಿ ಕಮಿ ಘಾಲಾ" ಅಂದ. ಇದು ಲೋಳೆಸರ, ನೀರು ಕಡಿಮೆ ಹಾಕಿ ಅಂತ. ನಾನು ಕಡಿಮೆಯೇ ಹಾಕಿದೆ, ಆದರೆ ಮುಂಬಯಿ ಕಡೆಯ ಮಳೆ ಕೇಳುತ್ತದಾ? ಹಿಂಬಾಗಿಲಿನ ಹೊರಗೆ ಇಟ್ಟಿದ್ದೆ. ತಗಡಿನ ಮಾಡಿನ ನೀರು ನೇರ ಕುಂಡಕ್ಕೆ ಬಿತ್ತು. ಜುಲೈ ಹೊತ್ತಿಗೆ ಬುಡ ಕೊಳೆತು, ಎಲೆ ಮುಟ್ಟಿದರೆ ಕೈಗೇ ಬರುತ್ತಿತ್ತು. ಪಕ್ಕದಲ್ಲಿ ಎದ್ದಿದ್ದ ಒಂದು ಮರಿಯನ್ನು ಕಿತ್ತು, ಎರಡು ದಿನ ನೆರಳಲ್ಲಿ ಒಣಗಿಸಿ, ಅರ್ಧ ಮರಳು, ಒಂದಿಷ್ಟು ಇಟ್ಟಿಗೆ ಚೂರು, ಸ್ವಲ್ಪ ಮಣ್ಣು ಸೇರಿಸಿ ನೆಟ್ಟೆ. ಈ ಸಲ ಕಿಟಕಿಯ ಒಳಗಟ್ಟೆಯ ಮೇಲೆ. ಈಗ ಇರುವುದು ಅದೇ ಮರಿ. ಒಂದೊಂದು ಎಲೆ ನನ್ನ ಮೊಣಕೈಯಷ್ಟು ಉದ್ದ.

ತಂದದ್ದು ಸುಟ್ಟ ಗಾಯಕ್ಕೆ. ಹೋಟೆಲಿನ ಅಡುಗೆಮನೆಯಲ್ಲಿ ಯಾರಿಗಾದರೂ ಕೈ ಸುಡದ ದಿನ ಇಲ್ಲ. ದೋಸೆ ಕಾವಲಿಯ ಅಂಚು ತಾಗುತ್ತದೆ, ವಡೆ ಬಿಡುವಾಗ ಎಣ್ಣೆ ಸಿಡಿಯುತ್ತದೆ, ಇಡ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದರೆ ಆವಿ ಮೊಣಕೈವರೆಗೆ ಹೊಡೆಯುತ್ತದೆ. ಮೊದಲೆಲ್ಲ ನಮ್ಮ ಭಟ್ಟರು ಸುಟ್ಟ ಜಾಗಕ್ಕೆ ದೋಸೆ ಹಿಟ್ಟು ಮೆತ್ತುತ್ತಿದ್ದರು. ಇನ್ನೊಬ್ಬ ಟೂತ್‌ಪೇಸ್ಟ್ ಹಚ್ಚುತ್ತಿದ್ದ. ನಮ್ಮ ಡಾಕ್ಟರು ಒಮ್ಮೆ ಊಟಕ್ಕೆ ಬಂದಾಗ ಇದನ್ನು ಕಂಡು, ಕೈ ತೊಳೆಯುವುದನ್ನೂ ಬಿಟ್ಟು ಒಳಗೆ ಬಂದು ಹೇಳಿ ಹೋದರು: ಮೊದಲು ನಲ್ಲಿ ನೀರು, ಇಪ್ಪತ್ತು ನಿಮಿಷ. ಐಸ್ ಬೇಡ, ಹಿಟ್ಟು ಬೇಡ, ಪೇಸ್ಟ್ ಬೇಡ. ಉಂಗುರ, ಕೈದಾರ ಇದ್ದರೆ ಬಾವು ಬರುವ ಮೊದಲೇ ತೆಗೆಯಿರಿ. ಆಮೇಲೆ ಬೇಕಾದರೆ ಲೋಳೆಸರ ಹಚ್ಚಿ. ಗುಳ್ಳೆ ಎದ್ದರೆ, ಚರ್ಮ ಬೆಳ್ಳಗಾದರೆ, ಮುಖಕ್ಕೆ ಸುಟ್ಟರೆ ನನ್ನ ಹತ್ತಿರ ಬನ್ನಿ.

ಅಂದಿನಿಂದ ಇದೇ ನಿಯಮ. ಬೆಳಗ್ಗೆ ಎಂಟೂವರೆ ಅಂದರೆ ನಮ್ಮಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ ಹೊತ್ತು. ಒಂದು ದಿನ ಅದೇ ಹೊತ್ತಿಗೆ, ಕುಂದಾಪುರದಿಂದ ಹೊಸದಾಗಿ ಬಂದ ಒಬ್ಬ ಮಾಣಿಯ ಮುಂಗೈ ಮೇಲೆ ಎಣ್ಣೆ ಸಿಡಿಯಿತು. ಹೊರಗೆ ಆರು ಟೇಬಲ್ ಕಾಯುತ್ತಿದ್ದವು. ಅವನು ಕೈ ಒರೆಸಿಕೊಂಡು ಮತ್ತೆ ಪ್ಲೇಟ್ ಎತ್ತಲು ಹೊರಟ. ನಾನೇ ಎದ್ದು ಹೋಗಿ ಅವನ ಕೈ ನಲ್ಲಿ ಕೆಳಗೆ ಹಿಡಿಸಿ ನಿಂತೆ. ಇಪ್ಪತ್ತು ನಿಮಿಷ ಎಷ್ಟು ಉದ್ದ ಅಂತ ಆ ದಿನ ಗೊತ್ತಾಯಿತು. "ಅಣ್ಣ, ಸಾಕು, ಗಿರಾಕಿ ಹೋಗ್ತಾರೆ" ಅಂತ ಅವನೇ ಹೇಳುತ್ತಿದ್ದ. ಗಿರಾಕಿ ನಾಳೆಯೂ ಬರುತ್ತಾರೆ, ನೀನು ನಿಲ್ಲು ಅಂದೆ. ಆಮೇಲೆ ತಣ್ಣಗಿನ ಲೋಳೆ ಹಚ್ಚಿದಾಗ ಅವನ ಭುಜ ಕೆಳಗಿಳಿದದ್ದು ನನಗೆ ಕಂಡಿತು. ಗುಳ್ಳೆ ಏಳಲಿಲ್ಲ. ವಾರದಲ್ಲಿ ಕಲೆ ಮಾತ್ರ ಉಳಿಯಿತು.

ಇದು ನಮ್ಮ ಅಡುಗೆಮನೆಯ ನಂಬಿಕೆ ಮಾತ್ರ ಅಲ್ಲ. ಥಾಯ್ಲೆಂಡಿನ ಸಂಶೋಧಕರು ನಾಲ್ಕು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2007ರಲ್ಲಿ ಬರೆದರು. ಲೋಳೆಸರ ಹಚ್ಚಿದ ಸುಟ್ಟ ಗಾಯ ಸರಾಸರಿ ಒಂಬತ್ತು ದಿನ ಮೊದಲೇ ಮಾಗಿತ್ತು. ಅಧ್ಯಯನಗಳು ಚಿಕ್ಕವು, ಇನ್ನೂ ನೋಡಬೇಕು ಅಂತ ಅವರೇ ಸೇರಿಸಿದ್ದಾರೆ. ಎಲ್ಲ ಗಾಯಕ್ಕೂ ಇದು ಒಳ್ಳೆಯದು ಅಂತಲೂ ಅಲ್ಲ. 1991ರಲ್ಲಿ ಅಮೆರಿಕದಲ್ಲಿ ಆಪರೇಷನ್ ಗಾಯಗಳಿಗೆ ಹಚ್ಚಿ ನೋಡಿದಾಗ, ಹಚ್ಚದವರ ಗಾಯ ಸರಾಸರಿ 53 ದಿನಕ್ಕೆ ಕೂಡಿತು, ಹಚ್ಚಿದವರದು 83 ದಿನ ಹಿಡಿಯಿತು. ಹಾಗಾಗಿ ಚಾಕು ತಾಗಿ ಆಳಕ್ಕೆ ಕೊಯ್ದರೆ ನಾವು ಗಿಡದ ಹತ್ತಿರ ಹೋಗುವುದಿಲ್ಲ.

ಈಗ ನನಗೆ ಬಹಳ ಇಷ್ಟದ ಕೆಲಸಕ್ಕೆ ಬರುತ್ತೇನೆ. ರಾತ್ರಿ ಶಟರ್ ಎಳೆದು ಲೆಕ್ಕ ಮುಗಿಸಿದ ಮೇಲೆ ಎಲ್ಲಕ್ಕಿಂತ ಕೆಳಗಿನ, ಹೊರಬದಿಯ ಎಲೆಯನ್ನು ಬುಡದಲ್ಲಿ ಕೊಯ್ಯುತ್ತೇನೆ. ಕೊಯ್ದ ತಕ್ಷಣ ಅಂಚಿನಿಂದ ಹಳದಿ ರಸ ಬರುತ್ತದೆ. ಸಿಪ್ಪೆಗೆ ಅಂಟಿಕೊಂಡೇ ಹರಿಯುವ ರಸ ಅದು, ಒಳಗಿನ ಲೋಳೆ ಅಲ್ಲ. ಒಂಥರಾ ಖಾರ ವಾಸನೆ. ಎಲೆಯನ್ನು ಕೊಯ್ದ ತುದಿ ಕೆಳಗಾಗಿ ಸ್ಟೀಲ್ ಲೋಟದಲ್ಲಿ ನಿಲ್ಲಿಸುತ್ತೇನೆ. ಮೊದಲು ಹನಿ ಬೇಗ ಬೇಗ, ಆಮೇಲೆ ದಾರದ ಹಾಗೆ, ಆಮೇಲೆ ನಿಲ್ಲುತ್ತದೆ. ಬೆಳಗ್ಗೆ ನೋಡಿದರೆ ಲೋಟದ ತಳದಲ್ಲಿ ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿರುತ್ತದೆ, ಬಿಸಿ ನೀರು ಹಾಕಿ ಉಜ್ಜಬೇಕು. ನಂತರ ಎಲೆ ತೊಳೆದು, ಎರಡೂ ಬದಿಯ ಮುಳ್ಳು ಸವರಿ, ಚಪ್ಪಟೆ ಬದಿಯ ಸಿಪ್ಪೆಯನ್ನು ಮೀನಿನ ಚರ್ಮ ಬಿಡಿಸಿದ ಹಾಗೆ ಎಳೆಯುತ್ತೇನೆ. ಒಳಗೆ ಗಾಜಿನಂಥ ಲೋಳೆ. ಅದನ್ನು ಇನ್ನೊಮ್ಮೆ ನೀರಲ್ಲಿ ಅದ್ದಿ ಚಮಚದಿಂದ ತೆಗೆದು ಸಣ್ಣ ಡಬ್ಬಿಯಲ್ಲಿ ಫ್ರಿಜ್‌ಗೆ. ನಾಲ್ಕೈದು ದಿನಕ್ಕಿಂತ ಜಾಸ್ತಿ ಇಡುವುದಿಲ್ಲ, ನೀರಾಗಿಬಿಡುತ್ತದೆ. ಆಗಲೇಬೇಕು, ಆ ಲೋಳೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ.

ಇಷ್ಟು ಸಮಾಧಾನವಾಗಿ ರಸ ಇಳಿಸುವ ಅಭ್ಯಾಸ ಮೊದಲಿನಿಂದ ಇರಲಿಲ್ಲ. ಕಲಿಸಿದ್ದು ಆ ಬಾಟಲಿ.

ದಿನವಿಡೀ ಕೂತೇ ಇರುವ ಕೆಲಸ, ನನಗೆ ಹೊಟ್ಟೆ ಸರಿಯಾಗಿ ಹೋಗುವುದಿಲ್ಲ. ಮೂರು ವರ್ಷದ ಹಿಂದೆ ಒಬ್ಬ ಗಿರಾಕಿ ಬೆಳಗ್ಗೆ ಖಾಲಿ ಹೊಟ್ಟೆಗೆ ಲೋಳೆಸರದ ಜ್ಯೂಸ್ ಕುಡಿಯಿರಿ ಅಂದರು. ಗಿಡ ಇಷ್ಟು ಒಳ್ಳೆಯದು, ಜ್ಯೂಸ್ ಇನ್ನೂ ಒಳ್ಳೆಯದಿರಬೇಕು ಅಂತ ಔಷಧಿ ಅಂಗಡಿಯಿಂದ ಒಂದು ಲೀಟರ್ ತಂದೆ. ಕಂಪನಿ ಹೆಸರು ಇಲ್ಲಿ ಬೇಡ. ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರ, ದಿನಕ್ಕೆ ಎರಡು ಸಲ 30 ಮಿಲಿ ಅಂತ ಬರೆದಿತ್ತು. ಮೊದಲ ದಿನ ಹಗುರ ಅನಿಸಿತು. ಎರಡನೇ ದಿನ ಹೊಟ್ಟೆ ಹಿಂಡಿದ ಹಾಗೆ ನುಲಿತ. ಮೂರನೇ ದಿನ ಏಳೆಂಟು ಸಲ ಭೇದಿ, ಕಾಲಿನ ಮೀನಖಂಡ ಹಿಡಿದುಕೊಂಡು ಎದ್ದು ನಿಲ್ಲಲು ಆಗಲಿಲ್ಲ. ಡಾಕ್ಟರು ಬಾಟಲಿ ತರಿಸಿ ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಪೂರ್ತಿ ಎಲೆಯ ರಸ ಅಂತ ಇತ್ತು. ಅಂದರೆ ಸಿಪ್ಪೆ ಸಮೇತ. ಸಿಪ್ಪೆ ಜೊತೆ, ಭೇದಿ ಮಾಡಿಸುವ ಆ ಹಳದಿ ರಸವೂ. ಅದನ್ನು ಸೋಸಿ ತೆಗೆದಿದ್ದೇವೆ ಅಂತ ಎಲ್ಲೂ ಬರೆದಿರಲಿಲ್ಲ. ನಾನು ಬಿಪಿಗೆ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ತೆಗೆದುಕೊಳ್ಳುತ್ತೇನೆ. ಅದರ ಮೇಲೆ ಈ ಭೇದಿ ಸೇರಿದರೆ ಮೈಯ ಪೊಟ್ಯಾಸಿಯಂ ಇಳಿಯುತ್ತದೆ, ಹೃದಯಕ್ಕೇ ತೊಂದರೆ ಅಂದರು.

ನನಗೆ ಸಿಟ್ಟು ಬಂದದ್ದು ಇಲ್ಲಿ. ಈ ಹಳದಿ ರಸದ ಗುಣ ಹೊಸದಾಗಿ ಕಂಡುಹಿಡಿದದ್ದಾ? ಸಾವಿರಾರು ವರ್ಷ ಜನ ಲೋಳೆಸರ ಅಂತ ವ್ಯಾಪಾರ ಮಾಡಿದ್ದೇ ಆ ರಸವನ್ನು! ಗಿಡದ ತವರು ಅರೇಬಿಯಾ. ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್ ಅನ್ನುವ ವೈದ್ಯ ಗ್ರಂಥದಲ್ಲಿ ಇದರ ಹೆಸರಿದೆ. ಮೊದಲ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡಿಸ್ ಇದನ್ನು ಗಾಯಕ್ಕೂ ಹೇಳಿದ, ಭೇದಿ ಮಾಡಿಸಲಿಕ್ಕೂ ಹೇಳಿದ. ಹದಿನೇಳನೇ ಶತಮಾನದಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ತೋಟಗಟ್ಟಲೆ ಬೆಳೆದು, ರಸ ಇಳಿಸಿ, ಕುದಿಸಿ ಗಟ್ಟಿ ಮಾಡಿ, ಒಣ ಸೋರೆ ಬುರುಡೆಗಳಲ್ಲಿ ತುಂಬಿ ಲಂಡನ್ನಿಗೆ ಕಳಿಸುತ್ತಿದ್ದರು. ಗಿಡಕ್ಕೆ ಬಾರ್ಬಡೆನ್ಸಿಸ್ ಅನ್ನುವ ಹೆಸರು ಅಂಟಿದ್ದು ಹೀಗೆ. ನಮ್ಮ ಗ್ರಂಧಿಗೆ ಅಂಗಡಿಯ ಕರಿಬೋಳ, ಇಲ್ಲಿ ಮರಾಠಿಯವರ ಕಾಳಾ ಬೋಳ, ಅದೂ ಇದೇ ಒಣಗಿದ ರಸ. ಅದನ್ನು ಕೊಡುತ್ತಿದ್ದ ವೈದ್ಯರಿಗೆ ಎಷ್ಟು ಗುಲಗಂಜಿ ಕೊಡಬೇಕು, ಯಾರಿಗೆ ಕೊಡಬಾರದು ಅಂತ ಗೊತ್ತಿತ್ತು. ಬಸುರಿಗೆ ಕೊಡುತ್ತಿರಲಿಲ್ಲ.

ಒಳಗಿನ ಲೋಳೆಗೆ ಇಷ್ಟು ದೊಡ್ಡ ಹೆಸರು ಬಂದದ್ದು ಈಚೆಗೆ. 1935ರಲ್ಲಿ ಅಮೆರಿಕದ ಇಬ್ಬರು ವೈದ್ಯರು, ಎಕ್ಸ್‌ರೇ ತಾಗಿ ಸುಟ್ಟ ಚರ್ಮಕ್ಕೆ ಹಸಿ ಎಲೆ ಹಚ್ಚಿ ವಾಸಿ ಮಾಡಿದ್ದನ್ನು ಬರೆದರು. ಅಲ್ಲಿಂದ ಕ್ರೀಮು, ಶಾಂಪೂ, ಎಲ್ಲ. ಒಂದೇ ಎಲೆಯಲ್ಲಿ ಎರಡು ಔಷಧ ಇವೆ, ಎರಡಕ್ಕೂ ಒಂದೇ ಹೆಸರು. ಒಂದರ ಒಳ್ಳೆ ಹೆಸರಲ್ಲಿ ಇನ್ನೊಂದನ್ನು ಕುಡಿಸುವುದು ತಪ್ಪು ಅಲ್ವಾ? 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ರಸ ಇರುವ, ಭೇದಿ ಮಾಡಿಸುವ ಔಷಧಗಳನ್ನು ಚೀಟಿ ಇಲ್ಲದೆ ಮಾರುವುದನ್ನು ನಿಲ್ಲಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪೂರ್ತಿ ಎಲೆಯ ಸಾರವನ್ನು 2ಬಿ ಗುಂಪಿಗೆ ಹಾಕಿದೆ, ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ ಗುಂಪು ಅದು. ಇಲಿಗಳಿಗೆ ಎರಡು ವರ್ಷ ಕುಡಿಸಿದಾಗ ದೊಡ್ಡ ಕರುಳಲ್ಲಿ ಗಡ್ಡೆ ಎದ್ದಿದ್ದವು. ಒಂದು ಲೋಟ ಕುಡಿದವರು ಹೆದರಬೇಕು ಅಂತ ಇದನ್ನು ಹೇಳುತ್ತಿಲ್ಲ. ದಿನಾ ಕುಡಿಯುವವರು ಬಾಟಲಿಯ ಹಿಂಬದಿ ಓದಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯುವುದು ಬೇಡ, ಸಕ್ಕರೆ ಇನ್ನೂ ಇಳಿದುಬಿಡಬಹುದು.

ಆ ವಾರ ಗಿಡದ ಮೇಲೂ ಸಿಟ್ಟಿತ್ತು. ಕಿಟಕಿ ಕಡೆ ನೋಡಲಿಲ್ಲ. ಆದರೆ ಈ ಗಿಡದ ಜೊತೆ ಸಿಟ್ಟು ಬಹಳ ದಿನ ಇರುವುದಿಲ್ಲ. ಕಾರಣ 2020.

ಆ ವರ್ಷ ಮಾರ್ಚಿನಲ್ಲಿ ಹೋಟೆಲ್ ಮುಚ್ಚಿತು. ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಹೋದೆವು. ವಾಪಸು ಬಂದು ಶಟರ್ ಎತ್ತಿದ್ದು ಸೆಪ್ಟೆಂಬರಿನಲ್ಲಿ. ಒಳಗೆ ಬೂಸಲು ವಾಸನೆ, ರುಬ್ಬುವ ಯಂತ್ರಕ್ಕೆ ತುಕ್ಕು, ಅಕ್ಕಿ ಮೂಟೆಯ ತುಂಬ ಹುಳ. ಗಲ್ಲಾದಲ್ಲಿ ಒಂದು ರೂಪಾಯಿ ಇಲ್ಲ, ಸಾಲ ಹೇಗೆ ತೀರಿಸುವುದೋ ಗೊತ್ತಿಲ್ಲ. ಕಿಟಕಿಯಲ್ಲಿ ಲೋಳೆಸರ ಇತ್ತು. ಎಲೆ ತೆಳ್ಳಗಾಗಿ, ಒಳಕ್ಕೆ ಮಡಚಿ, ಕೆಂಪು ಕಂದು ಬಣ್ಣಕ್ಕೆ ತಿರುಗಿತ್ತು. ನಾಲ್ಕು ತಿಂಗಳು ಯಾರೂ ಒಂದು ಹನಿ ನೀರು ಹಾಕಿರಲಿಲ್ಲ. ಒಂದು ಚೊಂಬು ನೀರು ಹಾಕಿದೆ, ವಾರ ಬಿಟ್ಟು ಇನ್ನೊಂದು. ಹತ್ತು ದಿನದಲ್ಲಿ ಎಲೆ ತುಂಬಿಕೊಂಡಿತು. ಆಮೇಲೆ ಓದಿ ತಿಳಿದೆ: ಈ ಜಾತಿ ಗಿಡಗಳು ಹಗಲು ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತಂಪಲ್ಲಿ ಮಾತ್ರ ತೆರೆದು ಗಾಳಿ ಎಳೆದುಕೊಳ್ಳುತ್ತವೆ, ಹಾಗಾಗಿ ನೀರು ಆರುವುದಿಲ್ಲ. ಊರಮನೆಯ ಬಾಗಿಲಿಗೆ ದೃಷ್ಟಿ ಆಗದಿರಲಿ ಅಂತ ಅಮ್ಮ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುತ್ತಿದ್ದದ್ದು ಹೇಗೆ ಅಂತ ನನಗೆ ಅರ್ಥವಾದದ್ದು ಐವತ್ತು ದಾಟಿದ ಮೇಲೆ.

ಉಳಿದದ್ದು ಬೇಗ ಹೇಳುತ್ತೇನೆ. ಮನೆಯವಳು ತಲೆಗೆ ಹಚ್ಚುತ್ತಾಳೆ, ಕೂದಲು ಮೆತ್ತಗಾಗುತ್ತದೆ ಅನ್ನುತ್ತಾಳೆ, ಉದುರುವುದು ನಿಂತಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ಕೆಂಪಾದ ಕತ್ತಿಗೆ ಚೆನ್ನಾಗಿದೆ. ಮಗಳಿಗೆ ಮಾತ್ರ ಆಗಿಬರಲಿಲ್ಲ, ರಸ ಇಳಿಸದೆ ಮುಖಕ್ಕೆ ಹಚ್ಚಿ ತುರಿಕೆ ಬಂತು. ಹೊಸಬರು ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ.

ಅಂಕ ಕೊಡಬೇಕಾದರೆ ಗಿಡಕ್ಕೆ ಐದಕ್ಕೆ ಐದು. ಆ ಬಾಟಲಿಗೆ ಸೊನ್ನೆ, ಹಿಂಬದಿಯ ಅಕ್ಷರ ದೊಡ್ಡದು ಮಾಡುವವರೆಗೂ ಸೊನ್ನೆ.

ಕುಂಡದಲ್ಲಿ ಈಗ ಏಳು ಮರಿ ಎದ್ದಿವೆ. ಎರಡು ನಮ್ಮ ಮಾಣಿ ದೀಪಾವಳಿಗೆ ಊರಿಗೆ ಒಯ್ಯುತ್ತೇನೆ ಅಂದಿದ್ದಾನೆ, ಹಳೆ ಪೇಪರಲ್ಲಿ ಸುತ್ತಿ ಕೊಡಬೇಕು. ಐದು ಉಳಿಯುತ್ತವೆ. ಠಾಣೆ, ಮುಲುಂಡ್ ಕಡೆಯವರು ಯಾರಿಗಾದರೂ ಬೇಕಿದ್ದರೆ ಹೇಳಿ, ದುಡ್ಡು ಬೇಡ. ಮಳೆ ನಿಂತ ಮೇಲೆ ಕೀಳುತ್ತೇನೆ, ಈಗ ಕಿತ್ತರೆ ಬೇರು ಕೊಳೆಯುತ್ತದೆ.