ಕ್ಲ್ಯಾಟ್ ಅರ್ಜಿ ನಾವೇ ತುಂಬ್ತೀವಿ ಎಂದವರಿಗೆ ಮಕ್ಕಳ ಲಾಗಿನ್ ಕೊಡಬೇಡಿ

ದಕ್ಷಿಣ ಕೊಡಗಿನ ಒಂದು ಮನೆಯ ಹುಡುಗಿಗೆ ಕಾನೂನು ಪದವಿಯ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಕ್ಲ್ಯಾಟ್ ಮೂಲಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಹಂಚಿಕೆಯಾಗಿತ್ತು. ಮನೆಯವರಿಗೆ ಆ ಸುದ್ದಿ ತಿಳಿದದ್ದು ದುಡ್ಡು ಕಟ್ಟುವ ಗಡುವು ದಾಟಿದ ಮೇಲೆ. ಅರ್ಜಿಯಲ್ಲಿದ್ದ ಮೊಬೈಲ್ ನಂಬರೂ ಇಮೇಲೂ ಕೋಚಿಂಗ್ ಸಂಸ್ಥೆಯ ‘ಕೌನ್ಸೆಲರ್’ ಒಬ್ಬನವು, ಅವನು ಅಷ್ಟರಲ್ಲಿ ಕೆಲಸ ಬಿಟ್ಟಾಗಿತ್ತು. ಸಂಸ್ಥೆಗೆ ಫೋನ್ ಮಾಡಿದರೆ ‘ನಮ್ಮ ಜವಾಬ್ದಾರಿ ತರಬೇತಿ ಅಷ್ಟೇ’ ಎಂಬ ಉತ್ತರ. ಕೋಚಿಂಗ್ ಸಾಲದ ಕಂತು ಮಾತ್ರ ಹುಡುಗಿಯ ಅಪ್ಪನ ಖಾತೆಯಿಂದ ಈಗಲೂ ತಿಂಗಳು ತಿಂಗಳು ಹೋಗುತ್ತಿದೆ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಎಲ್ಲಿಯೇ ಆಗಲಿ, ಪಿಯು ಓದುವ ಮಕ್ಕಳಿರುವ ಮನೆಗೆ ಇಂಥ ಕೋಚಿಂಗ್‌ನವರು ಬರುವ ಕ್ರಮ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎಲ್ಲೆಲ್ಲಿ ಏನೇನು ಕೆಡುತ್ತದೆ ಎಂದು ಬಿಡಿಸಿ ಬರೆಯುತ್ತಿದ್ದೇವೆ.

ಶುರುವಾಗುವುದು ಕಾಲೇಜಿನಲ್ಲಿ ನಡೆಸುವ ಉಚಿತ ‘ಸ್ಕಾಲರ್‌ಶಿಪ್ ಟೆಸ್ಟ್’ನಿಂದ. ಬರೆದವರಿಗೆಲ್ಲ ಅರ್ಧಕ್ಕಿಂತ ಹೆಚ್ಚು ರಿಯಾಯಿತಿ ಸಿಗುತ್ತದೆ. ಎಲ್ಲರೂ ಗೆಲ್ಲುವ ಪರೀಕ್ಷೆಯಲ್ಲಿ ಸಿಕ್ಕಿದ್ದಕ್ಕೆ ಸ್ಕಾಲರ್‌ಶಿಪ್ ಎಂದು ಯಾಕೆ ಹೇಳಬೇಕೋ! ಆಮೇಲೆ ಸಂಜೆ ಮನೆಗೆ ಫೋನ್ ಬರುತ್ತದೆ: ಈ ಆಫರ್ ನಾಳೆಯವರೆಗೆ ಮಾತ್ರ, ಒಟ್ಟಿಗೆ ಕಟ್ಟಲು ಕಷ್ಟವಾದರೆ ‘ಸುಲಭ ಕಂತು’ ಇದೆ, ಆಧಾರ್, ಪ್ಯಾನ್ ಕಳಿಸಿ, ಬಂದ ಒಟಿಪಿ ಹೇಳಿ.

ಆ ಸುಲಭ ಕಂತು ಕೋಚಿಂಗ್‌ನವರು ಕೊಡುವ ಕಂತಲ್ಲ. ಹಣಕಾಸು ಕಂಪನಿಯೊಂದು ಅಪ್ಪನ ಅಥವಾ ಅಮ್ಮನ ಹೆಸರಿಗೆ ಸಾಲ ಮಂಜೂರು ಮಾಡಿ, ಪೂರ್ತಿ ದುಡ್ಡನ್ನು ಮೊದಲ ದಿನವೇ ಕೋಚಿಂಗ್‌ನವರಿಗೆ ಕೊಟ್ಟುಬಿಡುತ್ತದೆ. ತರಗತಿ ನಿಂತರೂ, ಮಗು ಬಿಟ್ಟರೂ ಸಾಲ ನಿಮ್ಮ ಹೆಸರಲ್ಲೇ ಇರುತ್ತದೆ. ಸಿಟ್ಟಿನಲ್ಲಿ ಬ್ಯಾಂಕಿಗೆ ಹೋಗಿ ಆಟೋ ಡೆಬಿಟ್ ನಿಲ್ಲಿಸಿದರೆ ಬಾಕಿ ಬೆಳೆದು, ಸಾಲ ಕೊಡುವವರು ನೋಡುವ ಸಿಬಿಲ್ ಅಂಕ ಕುಸಿಯುತ್ತದೆ. ತೋಟದ ಮನೆಯವರಿಗೆ ಇದರ ಪೆಟ್ಟು ಬೀಳುವುದು ಬೆಳೆ ಸಾಲ ನವೀಕರಿಸಲು ಬ್ಯಾಂಕಿಗೆ ಹೋದಾಗ. ಒಟಿಪಿ ಹೇಳುವ ಮೊದಲು ಸಾಲದ ಮುಖ್ಯಾಂಶಗಳ ಹಾಳೆ, ಅಂದರೆ ಕೆಎಫ್ಎಸ್, ಕೇಳಿ. ಸಾಲ ಕೊಡುವವರ ಹೆಸರು, ಬಡ್ಡಿ, ಒಟ್ಟು ಕಟ್ಟಬೇಕಾದ ಮೊತ್ತ ಎಲ್ಲವೂ ಅದರಲ್ಲಿರಬೇಕು. ಡಿಜಿಟಲ್ ಸಾಲಕ್ಕೆ ಆರ್‌ಬಿಐ ನಿಯಮದಂತೆ ‘ಕೂಲಿಂಗ್ ಆಫ್’ ಅವಧಿಯೂ ಇರಬೇಕು. ಅದರೊಳಗೆ ಅಸಲನ್ನೂ ಅಷ್ಟು ದಿನದ ಬಡ್ಡಿಯನ್ನೂ ತೀರಿಸಿದರೆ ದಂಡವಿಲ್ಲದೆ ಹೊರಬರಬಹುದು. ಆ ಅವಧಿ ತೀರಾ ಸಣ್ಣದು, ಆದ್ದರಿಂದ ಸಾಲ ಬೇಡವೆನಿಸಿದ ದಿನವೇ ಬರೆದು ಕಳಿಸಿ.

ಇನ್ನು ಆ ದುಡ್ಡಿಗೆ ಸಿಗುವ ಪಾಠ. ಮನೆಗೆ ಬಂದ ಪುಸ್ತಕದ ಕಟ್ಟು ಬಿಚ್ಚಿದ ಕೂಡಲೇ ಒಂದು ಪರೀಕ್ಷೆ ಮಾಡಬಹುದು. ಮಾದರಿ ಪ್ರಶ್ನೆಪತ್ರಿಕೆಯಲ್ಲಿ 200 ಅಥವಾ 150 ಪ್ರಶ್ನೆ ಇದ್ದರೆ ಅದು ಹಳೆಯ ಸರಕು. 2020ರ ಪ್ರವೇಶ ಪರೀಕ್ಷೆಯಿಂದ ಕ್ಲ್ಯಾಟ್ ಪೂರ್ತಿ ಪ್ಯಾಸೇಜ್ ಓದಿ ಉತ್ತರಿಸುವ ಪರೀಕ್ಷೆಯಾಗಿದೆ, 2024ರದ್ದರಿಂದ 120 ನಿಮಿಷಕ್ಕೆ 120 ಪ್ರಶ್ನೆ. ಪ್ರಚಲಿತ ವಿದ್ಯಮಾನ ಮತ್ತು ಲೀಗಲ್ ರೀಸನಿಂಗ್ ತಲಾ 28ರಿಂದ 32, ಇಂಗ್ಲಿಷ್ ಮತ್ತು ಲಾಜಿಕಲ್ ರೀಸನಿಂಗ್ ತಲಾ 22ರಿಂದ 26, ಗಣಿತ 10ರಿಂದ 14. ಪ್ಯಾಸೇಜ್ ಒಂದೊಂದೂ ಸುಮಾರು 450 ಪದದವರೆಗೆ ಇರುತ್ತದೆ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ.

ಹಳೆಯ ಪುಸ್ತಕದಲ್ಲಿ ಲ್ಯಾಟಿನ್ ಸೂತ್ರಗಳ ಪಟ್ಟಿ, ದೇಶ-ರಾಜಧಾನಿ, ಮೊದಲಿಗರು ಯಾರು ಎಂಬಂಥ ಬಾಯಿಪಾಠವೇ ಜಾಸ್ತಿ. ಈಗಿನ ಪತ್ರಿಕೆಯಲ್ಲಿ ಕಾನೂನಿನ ತತ್ವವನ್ನು ಪ್ಯಾಸೇಜಿನಲ್ಲೇ ಕೊಟ್ಟಿರುತ್ತಾರೆ. ಅಪ್ರಾಪ್ತ ವಯಸ್ಕರು ಮಾಡಿದ ಕರಾರು ಸಿಂಧುವಲ್ಲ ಎಂದು ವಿವರಿಸಿ, ಹದಿನೇಳರ ಹುಡುಗನೊಬ್ಬ ವಯಸ್ಸು ಸುಳ್ಳು ಹೇಳಿ ಬೈಕ್ ಖರೀದಿಗೆ ಸಹಿ ಹಾಕಿದ್ದಾನೆ, ಅಂಗಡಿಯವನು ಬಾಕಿ ವಸೂಲಿಗೆ ಹೊರಟಿದ್ದಾನೆ, ಏನಾಗುತ್ತದೆ ಎಂದು ಕೇಳಿದರೆ ಪ್ಯಾಸೇಜಿನ ಮಾತನ್ನಷ್ಟೇ ಹಿಡಿದು ಉತ್ತರಿಸಬೇಕು. ಹೊರಗೆ ಓದಿದ ಸೆಕ್ಷನ್ ತಂದು ತುರುಕುವ ಅಭ್ಯಾಸವಾದ ಮಕ್ಕಳು ಇಲ್ಲೇ ಎಡವುತ್ತಾರೆ. ಗಣಿತವೂ ಹತ್ತನೇ ತರಗತಿಯ ಶೇಕಡಾವಾರು, ಅನುಪಾತ, ಸರಾಸರಿ. ಕೊಟ್ಟ ಕೋಷ್ಟಕ ಅಥವಾ ಗ್ರಾಫ್ ನೋಡಿ ಲೆಕ್ಕ ಹಾಕಲು ಬಂದರೆ ಸಾಕು.

‘ಯಾವುದನ್ನೂ ಖಾಲಿ ಬಿಡಬೇಡಿ’ ಎಂಬುದು ಈ ಸಂಸ್ಥೆಗಳ ಇನ್ನೊಂದು ಉಪದೇಶ. ಸರಿ ಉತ್ತರಕ್ಕೆ 1, ತಪ್ಪಿಗೆ 0.25 ಕಳೆಯುತ್ತಾರೆ. 85 ಪ್ರಶ್ನೆ ಬರೆದು 60 ಸರಿಯಾದರೆ 53.75 ಅಂಕ. ಅದೇ ಮಗು ಕೊನೆಯ ಹತ್ತು ನಿಮಿಷದಲ್ಲಿ ಓದದೆಯೇ ಉತ್ತರ ಹಾಳೆಯ ಇನ್ನೂ 25 ವೃತ್ತ ತುಂಬಿ ಎಲ್ಲ ತಪ್ಪಾದರೆ 47.5. ನಾಲ್ಕು ಆಯ್ಕೆಯಲ್ಲಿ ಎರಡನ್ನು ಖಚಿತವಾಗಿ ತೆಗೆದುಹಾಕಲು ಬಂದರೆ ಊಹೆ ಲಾಭದ್ದೇ. ಪ್ಯಾಸೇಜನ್ನೇ ಓದದೆ ಹಾಕುವ ಊಹೆಯಿಂದ ಸರಾಸರಿಯಲ್ಲಿ ಹುಟ್ಟುವುದು ತೀರಾ ಅಲ್ಪ, ಅದೃಷ್ಟ ಕೆಟ್ಟರೆ ಇದ್ದದ್ದೂ ಹೋಗುತ್ತದೆ. ಒಎಂಆರ್ ಹಾಳೆಯಲ್ಲಿ ಬಾಲ್ ಪೆನ್ನಿನಿಂದ ತುಂಬಿದ್ದನ್ನು ತಿದ್ದಲೂ ಆಗದು. ಹಾಗಾಗಿ ಮೊಬೈಲ್ ಪರದೆಯ ಮೇಲೆ ಎಷ್ಟು ಮಾಕ್ ಟೆಸ್ಟ್ ಕೊಟ್ಟರೂ ಸಾಲದು; ಕಾಗದದ ಮೇಲೆ, ಮಧ್ಯಾಹ್ನ 2ರಿಂದ 4ರ ಹೊತ್ತಿಗೇ ಕೂತು ಬರೆದು ಅಭ್ಯಾಸವಾಗಬೇಕು. ಪರೀಕ್ಷೆ ನಡೆಸುವ ಕಾನೂನು ವಿವಿಗಳ ಒಕ್ಕೂಟದ ವೆಬ್‌ಸೈಟಿನಲ್ಲಿ ಹಿಂದಿನ ಪ್ರಶ್ನೆಪತ್ರಿಕೆಗಳೂ ಮಾದರಿ ಪತ್ರಿಕೆಗಳೂ ಪುಕ್ಕಟೆ ಸಿಗುತ್ತವೆ. ಅನುಕೂಲವಿಲ್ಲದ ಮನೆಯ ಮಕ್ಕಳಿಗೆ ಇಡಿಯಾ ಎಂಬ ಸಂಸ್ಥೆ ತರಬೇತಿ ಕೊಡುತ್ತದೆ, ಅದಕ್ಕೂ ಅರ್ಜಿ ಹಾಕಿ ನೋಡಿ.

ಅರ್ಜಿ ತುಂಬುವ ವಿಷಯಕ್ಕೆ ಬರೋಣ, ನಷ್ಟ ಹೆಚ್ಚಾಗುವುದು ಇಲ್ಲೇ.

ಅರ್ಜಿ ತೆರೆಯುವುದು ಸಾಮಾನ್ಯವಾಗಿ ಜುಲೈ-ಆಗಸ್ಟ್‌ನಲ್ಲಿ, ಅಂದರೆ ಕಕ್ಕಡದ ಮಳೆಯಲ್ಲಿ, ನಮ್ಮಲ್ಲಿ ಕರೆಂಟೂ ಇಲ್ಲದ, ಟವರೂ ಸಿಗದ ಹೊತ್ತಿನಲ್ಲಿ. ಅದಕ್ಕೇ ‘ನಾವೇ ತುಂಬ್ತೀವಿ, ನೀವು ಫೋಟೋ ಕಳ್ಸಿ’ ಎಂದಾಗ ಮನೆಯವರಿಗೆ ಹಾಯೆನಿಸುತ್ತದೆ. ಆದರೆ ಸಾಮಾನ್ಯವಾಗಿ ಅಕ್ಟೋಬರ್‌ವರೆಗೂ ಸಮಯವಿರುತ್ತದೆ. ಮಳೆ ಇಳಿದ ಮೇಲೆ ನಿಧಾನವಾಗಿ ಕೂತು ತುಂಬಿ. ಲಾಗಿನ್ ಆಗುವುದು ಮೊಬೈಲ್ ನಂಬರಿನಿಂದ. ಆ ಸಿಮ್ ಮನೆಯಲ್ಲಿರಬೇಕು, ಮುಂದಿನ ಜುಲೈವರೆಗೂ ರೀಚಾರ್ಜ್ ಆಗಿರಬೇಕು. ಸೈಬರ್ ಸೆಂಟರಿನಲ್ಲಿ ತುಂಬಿಸುವುದಾದರೂ ನಂಬರು, ಇಮೇಲು, ಪಾಸ್‌ವರ್ಡು ನಿಮ್ಮದೇ ಇರಲಿ. ಶುಲ್ಕ ಸಾಮಾನ್ಯ ವರ್ಗದವರಿಗೆ 4,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಬಿಪಿಎಲ್‌ನವರಿಗೆ 3,500. ಇದರ ಮೇಲೆ ಯಾರಾದರೂ ‘ಪ್ರೊಸೆಸಿಂಗ್’ ಎಂದು ಕೇಳಿದರೆ ಅದು ಅವರ ಜೇಬಿಗೆ.

ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಸಮತಲ ಮೀಸಲಾತಿ, ಅಂದರೆ ಪ್ರತಿ ವರ್ಗದ ಸೀಟುಗಳ ಒಳಗೇ ಸಿಗುವ ಮೀಸಲಾತಿ, ಇದೆ. ಇದಕ್ಕೆ ಆಧಾರ್ ವಿಳಾಸವೂ ಮತದಾರರ ಚೀಟಿಯೂ ಲೆಕ್ಕಕ್ಕಿಲ್ಲ. ಕರ್ನಾಟಕದ ಮಾನ್ಯತೆ ಪಡೆದ ಶಾಲೆ-ಕಾಲೇಜಿನಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ ಓದಿರಬೇಕು. ಕೇರಳ ಗಡಿಯ ಕುಟ್ಟದ ಕಡೆಯವರು ಮಕ್ಕಳನ್ನು ವಯನಾಡಿನ ಶಾಲೆಗೆ ಹಾಕಿದ್ದಾರೆ, ಇನ್ನು ಕೆಲವರು ಊಟಿಯ ಬೋರ್ಡಿಂಗ್‌ಗೆ ಕಳಿಸಿದ್ದಾರೆ. ಅಂಥ ಮಗು ಐದನೇ ತರಗತಿಯಿಂದ ಇಲ್ಲಿಗೆ ಬಂದಿದ್ದರೂ ಪಿಯು ಮುಗಿಯುವ ಹೊತ್ತಿಗೆ ಎಂಟೇ ವರ್ಷವಾಗುತ್ತದೆ. ಏಜೆಂಟ್ ಕಣ್ಣು ಮುಚ್ಚಿ ‘ಹೌದು’ ಒತ್ತಿದರೆ ದಾಖಲೆ ಪರಿಶೀಲನೆಯಲ್ಲಿ ಸೀಟು ಕೈಬಿಡುತ್ತದೆ. ಹತ್ತು ವರ್ಷ ನಿಜಕ್ಕೂ ಓದಿದ ಮಗುವಿಗೆ ‘ಇಲ್ಲ’ ಒತ್ತಿ ಹಕ್ಕು ಕಳೆದವರೂ ಇದ್ದಾರೆ, ಅದಂತೂ ಇನ್ನೂ ಬೇಸರದ ಸಂಗತಿ. ಓದಿದ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತೆಗೆಸಿ ಬಿಇಒ ಕಚೇರಿಯ ಮೇಲುಸಹಿ ಹಾಕಿಸಿಡಿ. ಮುಚ್ಚಿಹೋದ ಶಾಲೆಯಿದ್ದರೆ ಈಗಲೇ ಓಡಾಟ ಶುರುಮಾಡಿ.

ಜಾತಿ ಪ್ರಮಾಣಪತ್ರದ ಗೊಂದಲ ಬೇರೆಯೇ. ನಾಡಕಚೇರಿಯಲ್ಲಿ ಸಿಗುವ 2ಎ, 3ಎ ಎಂಬುದೆಲ್ಲ ರಾಜ್ಯದ ಪಟ್ಟಿ. ರಾಜ್ಯದ ಪಟ್ಟಿಯಲ್ಲಿದ್ದ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲೂ ಇದ್ದೇ ಇರುತ್ತದೆ ಎಂದಲ್ಲ. ಕೇಂದ್ರದ ಪಟ್ಟಿಯಲ್ಲಿ ಹೆಸರಿದ್ದರೂ, ಅನುಕೂಲಸ್ಥರನ್ನು ಮೀಸಲಾತಿಯಿಂದ ಹೊರಗಿಡುವ ಕೆನೆಪದರದ ಲೆಕ್ಕ ಬರುತ್ತದೆ, ಕಾಫಿಯವರು ತಪ್ಪು ತಿಳಿಯುವುದು ಇಲ್ಲಿ. ಕೃಷಿ ಆದಾಯ ಗಣನೆಗಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ 1993ರ ಕೇಂದ್ರದ ಆದೇಶದಲ್ಲಿ ಕಾಫಿ, ಚಹಾ, ರಬ್ಬರ್ ತೋಟಗಳನ್ನು ಬೇರೆಯಾಗಿಟ್ಟು ಆದಾಯದ ಮಿತಿಯನ್ನೇ ಅನ್ವಯಿಸಿದ್ದಾರೆ. ಮಿತಿ ಈಗ ವರ್ಷಕ್ಕೆ 8 ಲಕ್ಷ, ಸತತ ಮೂರು ವರ್ಷದ್ದನ್ನು ನೋಡುತ್ತಾರೆ. ಕಾಫಿಗೆ ಒಳ್ಳೆ ರೇಟು ಸಿಕ್ಕ ವರ್ಷಗಳು ಸಾಲಾಗಿ ಬಂದರೆ ಆ ಗೆರೆ ದಾಟುವುದು ದೊಡ್ಡ ಮಾತಲ್ಲ.

ಬೇರೆ ಮೀಸಲಾತಿ ಇಲ್ಲದ, ಆರ್ಥಿಕವಾಗಿ ಹಿಂದುಳಿದವರಿಗೆ ಕೊಡುವ ಇಡಬ್ಲ್ಯುಎಸ್ ಪ್ರಮಾಣಪತ್ರಕ್ಕೆ ಕೃಷಿಯೂ ಸೇರಿ ಎಲ್ಲ ಆದಾಯ 8 ಲಕ್ಷದೊಳಗಿರಬೇಕು. ಅದರ ಜೊತೆಗೆ ಐದು ಎಕರೆ ಅಥವಾ ಮೇಲ್ಪಟ್ಟ ಕೃಷಿ ಭೂಮಿಯಿದ್ದರೆ ಆದಾಯ ಎಷ್ಟೇ ಕಡಿಮೆಯಿದ್ದರೂ ಅರ್ಹತೆ ಇಲ್ಲ. ಇಲ್ಲಿ ಕುಟುಂಬ ಎಂದರೆ ವಿದ್ಯಾರ್ಥಿ, ಅಪ್ಪ-ಅಮ್ಮ, 18 ತುಂಬದ ತಮ್ಮ-ತಂಗಿಯರು. ಅಜ್ಜ, ದೊಡ್ಡಪ್ಪ ಬರುವುದಿಲ್ಲ. ಒಕ್ಕದ, ಅಂದರೆ ಕೊಡವ ಮನೆತನದ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಹತ್ತಾರು ಹೆಸರು ಒಟ್ಟಿಗೆ ಇದ್ದರೆ ನಿಮ್ಮ ಪಾಲು ಎಷ್ಟು ಎಂಬುದನ್ನು ತಾಲೂಕು ಕಚೇರಿಯಲ್ಲಿ ಮೊದಲೇ ಕೇಳಿ ಇತ್ಯರ್ಥ ಮಾಡಿಕೊಳ್ಳಿ. ಸೀಟು ಹಂಚುವ ಕೌನ್ಸೆಲಿಂಗ್ ಶುರುವಾದ ಮೇಲೆ ಅದಕ್ಕೆ ಸಮಯ ಸಿಗುವುದಿಲ್ಲ.

ಫಲಿತಾಂಶ ಬಂತು ಎಂದು ಸುಮ್ಮನಾಗುವಂತಿಲ್ಲ. ಕೌನ್ಸೆಲಿಂಗ್‌ಗೆ ಬೇರೆಯಾಗಿ ನೋಂದಾಯಿಸಬೇಕು. ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ 30,000, ಮೀಸಲು ವರ್ಗಗಳಿಗೆ 20,000 ರೂಪಾಯಿ ಕಟ್ಟಿಸಿಕೊಂಡಿದ್ದಾರೆ, ಸೀಟು ಒಪ್ಪುವಾಗ ದೃಢೀಕರಣ ಶುಲ್ಕ ಬೇರೆ. ಪಟ್ಟಿ ಬಂದಾಗ ಮೂರು ಆಯ್ಕೆ ಇರುತ್ತವೆ. ಸಿಕ್ಕಿದ್ದೇ ಸಾಕು ಎಂದರೆ ಫ್ರೀಜ್. ಸಿಕ್ಕಿದ್ದನ್ನು ಹಿಡಿದುಕೊಂಡು ಮೇಲಿನದಕ್ಕೆ ಕಾಯುವುದು ಫ್ಲೋಟ್. ಬೇಡ ಎಂದರೆ ಎಕ್ಸಿಟ್. ಕೊಟ್ಟ ಕೆಲವೇ ದಿನದಲ್ಲಿ ಒಂದನ್ನೂ ಒತ್ತದಿದ್ದರೆ, ದುಡ್ಡು ಕಟ್ಟದಿದ್ದರೆ, ಹೊರಗೆ ಬಿದ್ದಂತೆಯೇ. ಮೇಲೆ ಹೇಳಿದ ಹುಡುಗಿಗೆ ಆದದ್ದು ಇದೇ. ವೇಳಾಪಟ್ಟಿಯನ್ನು ನಂಬಿ ಕೂರುವುದೂ ಕಷ್ಟ: 2024ರ ಡಿಸೆಂಬರ್ 1ರ ಪರೀಕ್ಷೆಯ ಉತ್ತರಗಳ ತಕರಾರು ದೆಹಲಿ ಹೈಕೋರ್ಟು, ಸುಪ್ರೀಂ ಕೋರ್ಟು ಸುತ್ತಿ ಮುಗಿಯುವ ಹೊತ್ತಿಗೆ 2025ರ ಮೇ ಬಂದಿತ್ತು. ದಿನಕ್ಕೊಮ್ಮೆ ನೀವೇ ಲಾಗಿನ್ ಆಗಿ ನೋಡುವುದು ಬಿಟ್ಟು ಬೇರೆ ದಾರಿಯಿಲ್ಲ.

ಪರೀಕ್ಷಾ ಕೇಂದ್ರ ಕೊಡಗಿನಲ್ಲಿ ಸಿಗುತ್ತದೆಂದು ಕಾಯಬೇಡಿ. ಮೈಸೂರನ್ನು ಮೊದಲ ಆಯ್ಕೆಯಾಗಿ ಹಾಕಿ. ಪರೀಕ್ಷೆ ಡಿಸೆಂಬರಿನ ಭಾನುವಾರ, ಹುತ್ತರಿ ಹಬ್ಬದ ಆಸುಪಾಸಿಗೇ ಬರುತ್ತದೆ, ಬಸ್ಸು ಕಿಕ್ಕಿರಿದಿರುತ್ತದೆ, ರೈಲಂತೂ ನಮಗಿಲ್ಲ. ಹಿಂದಿನ ದಿನವೇ ಹೋಗಿ ಉಳಿಯುವುದು ವಾಸಿ.

ಇನ್ನೂ ಕೆಲವು ಸುಳ್ಳುಗಳು ಓಡಾಡುತ್ತಿವೆ. ಎಲ್‌ಸ್ಯಾಟ್ ಇಂಡಿಯಾ ಎಂಬ ಕಾನೂನು ಪ್ರವೇಶ ಪರೀಕ್ಷೆ 2024ಕ್ಕೇ ನಿಂತಿದೆ, ಅದರ ಪ್ಯಾಕೇಜು ಮಾರುವವರನ್ನು ಬಾಗಿಲಲ್ಲೇ ಕಳಿಸಿ. ದೆಹಲಿಯ ಕಾನೂನು ವಿವಿಗೆ ಐಲೆಟ್ ಎಂಬ ಬೇರೆ ಪರೀಕ್ಷೆ, ಬೇರೆ ಅರ್ಜಿ. ಕ್ಲ್ಯಾಟ್ ಬರೆದರೆ ಅದೂ ಬಂತು ಎಂಬುದು ಸುಳ್ಳು. ಕ್ಲ್ಯಾಟ್ ರ‍್ಯಾಂಕಿಲ್ಲದೆ ‘ಮ್ಯಾನೇಜ್‌ಮೆಂಟ್ ಸೀಟು’ ಮಾಡಿಸಿಕೊಡುತ್ತೇವೆ ಎಂದರೆ ಆ ಮಾತಿಗೆ ಮುಂಗಡ ಕೊಡಬೇಡಿ. ಕ್ಲ್ಯಾಟ್ ಕೈಕೊಟ್ಟರೆ ವಕೀಲಿಕೆಯೇ ಇಲ್ಲ ಎಂದು ಹೆದರಿಸಿ ಎರಡನೇ ವರ್ಷದ ಬ್ಯಾಚಿಗೂ ಸೇರಿಸುತ್ತಾರೆ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಸುಳ್ಯ, ಪುತ್ತೂರು, ಮಂಗಳೂರು, ಮೈಸೂರಿನಲ್ಲಿವೆ. ಐದು ವರ್ಷದ ಕೋರ್ಸಿಗೆ ಅಲ್ಲಿ ಪಿಯು ಅಂಕದ ಮೇಲೆ ಪ್ರವೇಶ, ಸಾಮಾನ್ಯ ವರ್ಗಕ್ಕೆ ಶೇ. 45 ಸಾಕು.

ಈಗಾಗಲೇ ದುಡ್ಡು ಕಟ್ಟಿ ಸಿಕ್ಕಿಕೊಂಡವರು ಮೊದಲು ಕೋಚಿಂಗ್‌ನವರಿಗೆ ಇಮೇಲಿನಲ್ಲಿ ಬರೆಯಿರಿ. ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಮಾರ್ಗಸೂಚಿಯಲ್ಲಿ, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನದೊಳಗೆ ಮರಳಿಸಬೇಕು ಎಂದಿದೆ. ಆ ಸಾಲನ್ನೇ ಪತ್ರದಲ್ಲಿ ಹಾಕಿ. ಅದರ ಪ್ರತಿಯನ್ನು ಸಾಲ ಕೊಟ್ಟ ಕಂಪನಿಗೂ ಕಳಿಸಿ, ಅವರು 30 ದಿನದಲ್ಲಿ ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬಡ್ಸ್‌ಮನ್‌ಗೆ ದೂರು ಕೊಡಬಹುದು. ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. ಸಂಸ್ಥೆ ಬೆಂಗಳೂರಿನದಾದರೂ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಲು 2019ರ ಕಾಯ್ದೆ ಬಿಡುತ್ತದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ‘ಸೀಟು ಗ್ಯಾರಂಟಿ’ ಎಂದು ಬರೆದ ಕರಪತ್ರ, ವಾಟ್ಸ್ಆ್ಯಪ್ ಮಾತುಕತೆ, ರಸೀದಿ ಯಾವುದನ್ನೂ ಅಳಿಸಬೇಡಿ. ಫೋನಿನಲ್ಲಿ ಕೊಟ್ಟ ಭರವಸೆಯನ್ನು ಅದೇ ದಿನ ‘ನೀವು ಹೀಗೆ ಹೇಳಿದ್ದೀರಿ’ ಎಂದು ಮೆಸೇಜ್ ಹಾಕಿಟ್ಟರೆ ಆಯೋಗದ ಮುಂದೆ ತೋರಿಸಲು ಒಂದು ದಾಖಲೆಯಾದರೂ ಇರುತ್ತದೆ.