‘ಎಫ್‌ಎಲ್‌ಪಿ ಟೈಪ್’ ಸ್ಟಿಕ್ಕರ್ ನಂಬಿ ಥಿನ್ನರ್ ಶೆಡ್ಡಿಗೆ ಲೈಟು ಹಾಕಬೇಡಿ

ಪೇಂಟ್ ಥಿನ್ನರ್ ಪ್ಯಾಕ್ ಮಾಡುವ ಸಣ್ಣ ಘಟಕವೊಂದರಲ್ಲಿ ಆದದ್ದಿದು. ಇನ್ನೂರು ಲೀಟರಿನ ಬ್ಯಾರಲ್‌ನಿಂದ ಒಂದು ಲೀಟರ್, ಐದು ಲೀಟರ್ ಡಬ್ಬಿಗಳಿಗೆ ತುಂಬುವ ಕೆಲಸ. ಸರಕು ಬಹುಪಾಲು ಟಾಲ್ಯೂಯಿನ್ ಮತ್ತು ಅಸಿಟೋನ್. ಹಳೆಯ ಟ್ಯೂಬ್‌ಲೈಟ್ ತೆಗೆಸಿ, ತುಂಬುವ ಮೇಜಿನ ಹಿಂದಿನ ಗೋಡೆಗೆ ಎದೆಯೆತ್ತರದಲ್ಲಿ ಹೊಸ ಎಲ್‌ಇಡಿ ವೆಲ್ ಗ್ಲಾಸ್ ಫಿಟಿಂಗ್ ಹಾಕಿಸಿದ್ದರು. ನೋಡಲು ಗಟ್ಟಿಮುಟ್ಟು: ದಪ್ಪ ಅಲ್ಯೂಮಿನಿಯಂ ಬಾಡಿ, ಸುತ್ತ ಬೋಲ್ಟು, ಗಾಜಿಗೆ ಸರಳಿನ ಗಾರ್ಡ್. ಸ್ಟಿಕ್ಕರಿನಲ್ಲಿ ‘ಎಫ್‌ಎಲ್‌ಪಿ ಟೈಪ್, ಐಪಿ 66’; ಎಫ್‌ಎಲ್‌ಪಿ ಎಂದರೆ ಫ್ಲೇಮ್‌ಪ್ರೂಫ್. ಬೆಲೆ, ಸರ್ಟಿಫಿಕೇಟ್ ಇರುವ ಮಾಲಿನ ಮೂರನೇ ಒಂದು ಪಾಲು.

ಒಂದು ಸಂಜೆ ಎಕ್ಸಾಸ್ಟ್ ಫ್ಯಾನ್ ಟ್ರಿಪ್ ಆಗಿದ್ದು ಯಾರ ಗಮನಕ್ಕೂ ಬರಲಿಲ್ಲ, ತುಂಬುವ ಕೆಲಸ ಮುಂದುವರಿದಿತ್ತು. ಫಿಟಿಂಗ್ ಒಳಗೆ ಎಲ್‌ಇಡಿಗೆ ಕರೆಂಟು ಕೊಡುವ ಡ್ರೈವರ್ ಸರ್ಕ್ಯೂಟ್ ಸುಟ್ಟಿತು. ಮುಚ್ಚಳದ ಸಂದಿನಿಂದ ಬೆಂಕಿ ಹೊರಗೆ ಹಾರಿ ಮೇಜಿನ ಮೇಲಿದ್ದ ತೆರೆದ ಡಬ್ಬಿಗಳಿಗೆ ಹತ್ತಿತು. ಇಬ್ಬರಿಗೆ ಕೈ ಸುಟ್ಟಿತು. ಬೆಂಕಿ ಆರಿಸುವ ಒಣ ಪುಡಿಯ (ಡಿಸಿಪಿ) ಸಿಲಿಂಡರ್ ಪಕ್ಕದಲ್ಲೇ ಇದ್ದದ್ದರಿಂದ ಬ್ಯಾರಲ್‌ಗಳವರೆಗೆ ಹೋಗಲಿಲ್ಲ.

ಉಳಿದ ಫಿಟಿಂಗ್‌ಗಳನ್ನು ಬಿಚ್ಚಿದಾಗ ವಿಷಯ ಗೊತ್ತಾಯಿತು. ಎಂಟು ತೂತಿಗೆ ಆರೇ ಬೋಲ್ಟು. ಬಾಡಿಯೂ ಮುಚ್ಚಳವೂ ಕೂಡುವ ಫ್ಲ್ಯಾಂಜ್ ಮುಖಕ್ಕೆ ಮಷೀನಿಂಗೇ ಆಗಿಲ್ಲ. ಎರಕದ ಒರಟು ಹಾಗೇ ಇದೆ, ಅದರ ಮೇಲೇ ಪೌಡರ್ ಕೋಟಿಂಗ್ ಹೊಡೆದಿದ್ದಾರೆ. ಉಳಿದ ಸಂದಿಗೆ ಬಿಳಿ ಸಿಲಿಕಾನ್ ತುಂಬಿದ್ದಾರೆ. ಗಾಜನ್ನೂ ಸಿಲಿಕಾನಿನಲ್ಲೇ ಅಂಟಿಸಿದ್ದಾರೆ. ಕೇಬಲ್‌ಗೆ ಪ್ಲಾಸ್ಟಿಕ್ ಗ್ಲಾಂಡ್ (ಕೇಬಲ್ ಒಳಹೋಗುವ ಕಡೆ ಅದನ್ನು ಬಿಗಿಹಿಡಿಯುವ ಭಾಗ), ಬಳಸದೆ ಬಿಟ್ಟ ಎರಡನೇ ಎಂಟ್ರಿಗೆ ರಬ್ಬರ್ ಬಿರಡೆ. ಒಳಗಿರುವುದು ಬೀದಿದೀಪಕ್ಕೆ ಹಾಕುವ ಸಾಮಾನ್ಯ ಡ್ರೈವರ್.

ಫ್ಲೇಮ್‌ಪ್ರೂಫ್ ಎಂದರೆ ಆವಿ ಒಳಹೋಗದಂತೆ ಬಿಗಿಯಾಗಿ ಮುಚ್ಚಿದ ಡಬ್ಬಿ ಎಂದು ಕೊಳ್ಳುವವರಲ್ಲಿ ಅನೇಕರು ತಿಳಿದಿದ್ದಾರೆ, ಮಾರುವವರೂ ಹಾಗೇ ಹೇಳಿ ಮಾರುತ್ತಾರೆ. ಹಾಗಲ್ಲ. ಲೈಟು ಉರಿಯುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಒಂದಿಷ್ಟು ಹೊರಬೀಳುತ್ತದೆ. ಆರಿಸಿದ ಮೇಲೆ ತಣಿದು ಹೊರಗಿನ ಗಾಳಿಯನ್ನು, ಅದರ ಜೊತೆ ಆವಿಯನ್ನೂ ಎಳೆದುಕೊಳ್ಳುತ್ತದೆ. ದಿನವೂ ನಡೆಯುವ ಈ ಉಸಿರಾಟವನ್ನು ಐಪಿ 66 ತಡೆಯುವುದಿಲ್ಲ, ಅದು ಧೂಳು ಮತ್ತು ನೀರಿನ ಲೆಕ್ಕ ಅಷ್ಟೇ. ನಿಜವಾದ ಫ್ಲೇಮ್‌ಪ್ರೂಫ್ ಫಿಟಿಂಗ್ ಒಳಗೆ ಸ್ಫೋಟ ಆಗಬಹುದು ಎಂದು ಮೊದಲೇ ಒಪ್ಪಿಕೊಂಡು ಮಾಡಿದ್ದು. ಬಾಡಿ ಆ ಒತ್ತಡ ತಡೆಯಬೇಕು. ಉರಿದ ಅನಿಲ ಫ್ಲ್ಯಾಂಜಿನ ಉದ್ದವಾದ ಸಣ್ಣ ಸಂದಿನಲ್ಲಿ ಹಾಯುತ್ತಾ, ಲೋಹಕ್ಕೆ ಶಾಖ ಬಿಟ್ಟು, ಹೊರಗಿನ ಆವಿಯನ್ನು ಹೊತ್ತಿಸಲಾರದಷ್ಟು ತಣ್ಣಗಾಗಿ ಬರಬೇಕು. ಆ ಸಂದಿನ ಅಗಲ ಮಿಲಿಮೀಟರಿನ ಹತ್ತನೇ ಭಾಗಗಳ ಲೆಕ್ಕದ್ದು. ಹಾಗಾಗಿ ಎರಡು ಬೋಲ್ಟು ಇಲ್ಲದಿದ್ದರೆ ಒತ್ತಡಕ್ಕೆ ಮುಚ್ಚಳ ಅಲ್ಲಿ ಎದ್ದು ಸಂದು ಬಾಯಿಬಿಡುತ್ತದೆ. ಒರಟು ಮುಖದಲ್ಲಿ ಸಂದು ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರುವುದಿಲ್ಲ. ಸಿಲಿಕಾನ್ ಹಾಕಿದರೆ ಅನಿಲಕ್ಕೆ ಸಮನಾಗಿ ಹೊರಬರಲು ದಾರಿ ಇಲ್ಲ. ಎಲ್ಲಿ ಕಿತ್ತುಕೊಳ್ಳುತ್ತದೋ ಅಲ್ಲಿಂದ ಬೆಂಕಿಯೇ ನುಗ್ಗುತ್ತದೆ.

ಇನ್ನು ಕೊಳ್ಳುವ ಮಾತು. ಅಂಗಡಿಗೆ ಹೋಗುವ ಮೊದಲು ನಿಮ್ಮ ಕೈಯಲ್ಲಿ ಮೂರು ಉತ್ತರ ಇರಬೇಕು: ಯಾವ ಜೋನ್, ಯಾವ ಗ್ಯಾಸ್ ಗ್ರೂಪ್, ಯಾವ ಟೆಂಪರೇಚರ್ ಕ್ಲಾಸ್. ಸುಡುವ ಆವಿ ಸದಾ ಇರುವ ಜಾಗ, ಉದಾಹರಣೆಗೆ ಟ್ಯಾಂಕಿನ ಒಳಭಾಗ, ಜೋನ್ 0. ಮಾಮೂಲಿ ಕೆಲಸದಲ್ಲೇ ಆಗಾಗ ಆವಿ ಬರುವುದು ಜೋನ್ 1. ತುಂಬುವ ಮೇಜು ಇದಕ್ಕೆ ಸೇರುತ್ತದೆ. ಏನಾದರೂ ಕೆಟ್ಟಾಗ ಮಾತ್ರ, ಅದೂ ಸ್ವಲ್ಪ ಹೊತ್ತು ಬರುವುದು ಜೋನ್ 2. ನಮ್ಮಲ್ಲಿ ಈ ವಿಂಗಡಣೆಗೆ ಐಎಸ್ 5572 ಎಂಬ ಭಾರತೀಯ ಮಾನಕ ಇದೆ. ಜೋನ್ ಗುರುತಿಸಿದ ನಕ್ಷೆ ಇಲ್ಲದೆ ಲೈಟಿನ ಕೊಟೇಶನ್ ಕೇಳುವುದೇ ತಪ್ಪು. ಜೋನ್ 1ಕ್ಕೆ ಫಿಟಿಂಗ್ ಮೇಲೆ ‘ಜಿಬಿ’ ಎಂಬ ರಕ್ಷಣಾ ಮಟ್ಟ ಇರಬೇಕು, ಜೋನ್ 2ಕ್ಕೆ ‘ಜಿಸಿ’ ಸಾಕು. ಜೋನ್ 0ಕ್ಕೆ ‘ಜಿಎ’ ಬೇಕು, ಅಲ್ಲಿಗೆ ಮಾಮೂಲಿ ಫ್ಲೇಮ್‌ಪ್ರೂಫ್ ಫಿಟಿಂಗೂ ನಡೆಯುವುದಿಲ್ಲ.

ಗ್ರೂಪ್ ಮತ್ತು ಟಿ-ಕ್ಲಾಸ್ ಎರಡನ್ನೂ ಕಲಸಿಬಿಡುವವರೇ ಹೆಚ್ಚು. ಗ್ರೂಪ್ ಎಂದರೆ ಜ್ವಾಲೆ ಎಷ್ಟು ಸಣ್ಣ ಸಂದಿನಲ್ಲಿ ನುಸುಳುತ್ತದೆ ಎಂಬುದು. ಪ್ರಯೋಗದಲ್ಲಿ ಆ ಸಂದು 0.9 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಐಐಎ, 0.5ರಿಂದ 0.9ರ ನಡುವೆ ಐಐಬಿ, 0.5 ಅಥವಾ ಅದಕ್ಕೂ ಕಡಿಮೆಯಾದರೆ ಐಐಸಿ. ಟಿ-ಕ್ಲಾಸ್ ಎಂದರೆ ಫಿಟಿಂಗಿನ ಮೈ ಎಷ್ಟು ಬಿಸಿಯಾಗಬಹುದು ಎಂಬುದರ ಮಿತಿ: ಟಿ1 450 ಡಿಗ್ರಿ ಸೆಲ್ಸಿಯಸ್, ಟಿ2 300, ಟಿ3 200, ಟಿ4 135, ಟಿ5 100, ಟಿ6 85. ಅಸಿಟೋನ್, ಟಾಲ್ಯೂಯಿನ್ ಎರಡೂ ಐಐಎ, ಟಿ1. ಎಣ್ಣೆ ಗಿರಣಿಯ ಹೆಕ್ಸೇನ್ ಐಐಎ, ಆದರೆ ಸುಮಾರು 225 ಡಿಗ್ರಿಗೇ ತಾನಾಗಿ ಹೊತ್ತಿಕೊಳ್ಳುವುದರಿಂದ ಟಿ3. ಹೈಡ್ರೋಜನ್ ಐಐಸಿ, ಟಿ1. ಈಥರ್ ಐಐಬಿ, ಟಿ4. ಕಾರ್ಬನ್ ಡೈಸಲ್ಫೈಡ್ ಐಐಸಿ, ಟಿ6, ಎರಡರಲ್ಲೂ ಕಡುಗಷ್ಟದ್ದು. ‘ಟಿ6 ಇದೆ ಸಾರ್, ಎಲ್ಲದಕ್ಕೂ ಆಗುತ್ತೆ’ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ; ಐಐಬಿ ಟಿ6 ಫಿಟಿಂಗ್ ಹೈಡ್ರೋಜನ್ ಇರುವ ಕಡೆ ಅಪಾಯವೇ. ಮೇಲಿನ ಗ್ರೂಪಿನದು ಕೆಳಗಿನದಕ್ಕೆ ನಡೆಯುತ್ತದೆ, ಐಐಸಿ ಫಿಟಿಂಗನ್ನು ಐಐಎ ಜಾಗಕ್ಕೆ ಹಾಕಬಹುದು, ಉಲ್ಟಾ ಆಗದು.

ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಯವರಿಗೆ ಇಲ್ಲೊಂದು ಮಾತು. ಎಥನಾಲನ್ನು ಹಳೆಯ ಪಟ್ಟಿಗಳಲ್ಲಿ ಐಐಎ ಎಂದು ಹಾಕಿದ್ದಾರೆ. ಅದರ ಸಂದಿನ ಅಳತೆ 0.89 ಮಿ.ಮೀ., ಕೂದಲೆಳೆಯಲ್ಲಿ ಐಐಬಿಗೆ ಬೀಳುತ್ತದೆ. ಈಗಿನ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನಕ ಸಂಸ್ಥೆ) ಪಟ್ಟಿ ಅದನ್ನು ಐಐಬಿ ಎಂದೇ ತೋರಿಸುತ್ತದೆ. ಹಳೆಯ ನಕ್ಷೆ ನೋಡಿ ಹೊಸ ಲೈಟಿಗೆ ಆರ್ಡರ್ ಕೊಡಬೇಡಿ.

ನಮ್ಮ ಕಡೆ ಇನ್ನೊಂದು ತೊಡಕು ಬಿಸಿಲಿನದು. ಲೇಬಲ್ ಮೇಲೆ ಸುತ್ತಲಿನ ಉಷ್ಣತೆಯ ಮಿತಿ ನಮೂದಾಗಿಲ್ಲದಿದ್ದರೆ ಅದು ಮೈನಸ್ 20ರಿಂದ 40 ಡಿಗ್ರಿಯವರೆಗೆ ಎಂದೇ ಅರ್ಥ. ರಾಯಚೂರು, ಕಲಬುರಗಿಯ ಏಪ್ರಿಲ್-ಮೇ ಬಿಸಿಲು 40 ದಾಟುತ್ತದೆ, ತಗಡಿನ ಶೀಟಿನ ಕೆಳಗೆ ಅದಕ್ಕೂ ಹೆಚ್ಚು. ಅಂಥಲ್ಲಿ ಆ ಫಿಟಿಂಗಿನ ಟಿ-ಕ್ಲಾಸಿಗೆ ಯಾರ ಖಾತರಿಯೂ ಇಲ್ಲ. ‘ಟಿಎ’ (ಸುತ್ತಲಿನ ಉಷ್ಣತೆ) ಎಂಬುದರ ಮುಂದೆ ಪ್ಲಸ್ 50 ಅಥವಾ 55 ಇರುವುದನ್ನೇ ಕೇಳಿ ತರಿಸಿ.

ಲೇಬಲ್ ಎಂದರೆ ಕೆತ್ತಿದ ಅಥವಾ ರಿವೆಟ್ ಹೊಡೆದ ಪಟ್ಟಿ, ಕಾಗದದ ಸ್ಟಿಕ್ಕರ್ ಅಲ್ಲ. ಅದರಲ್ಲಿ ‘ಎಕ್ಸ್ ಡಿಬಿ ಐಐಬಿ ಟಿ6 ಜಿಬಿ’ (Ex db IIB T6 Gb; ‘ಡಿಬಿ’ ಎಂದರೆ ಫ್ಲೇಮ್‌ಪ್ರೂಫ್) ಎಂಬ ಬಗೆಯ ಪೂರ್ತಿ ಗುರುತು, ತಯಾರಕರ ಹೆಸರು, ಮಾಡೆಲ್, ಸರ್ಟಿಫಿಕೇಟ್ ನಂಬರ್ ಇರಬೇಕು. ನಂಬರಿನ ಕೊನೆಗೆ ‘X’ ಅಕ್ಷರ ಇದ್ದರೆ ವಿಶೇಷ ಷರತ್ತುಗಳಿವೆ ಎಂದು, ಸರ್ಟಿಫಿಕೇಟ್ ತರಿಸಿ ಓದಲೇಬೇಕು. ‘U’ ಇದ್ದರೆ ಅದು ಬಿಡಿಭಾಗಕ್ಕೆ ಕೊಟ್ಟದ್ದು, ಇಡೀ ಫಿಟಿಂಗಿಗಲ್ಲ. ಫ್ಲ್ಯಾಷ್ ಪಾಯಿಂಟ್ (ಕಿಡಿ ತಗುಲಿದರೆ ಹೊತ್ತುವಷ್ಟು ಆವಿ ಬಿಡುವ ಉಷ್ಣತೆ) 23 ಡಿಗ್ರಿಗಿಂತ ಕಡಿಮೆ ಇರುವ ಕ್ಲಾಸ್ ಎ ಪೆಟ್ರೋಲಿಯಂ ಇಡುವ ಕಡೆ (ಟಾಲ್ಯೂಯಿನ್‌ನದು ಸುಮಾರು 4 ಡಿಗ್ರಿ) ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊದ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ಅನುಮೋದನೆ ಬೇಕು. ಧನಬಾದ್‌ನ ಸಿಮ್‌ಫರ್‌ನಂಥ ಲ್ಯಾಬಿನ ಟೆಸ್ಟ್ ರಿಪೋರ್ಟ್ ಬೇರೆ, ಪೆಸೊ ಪತ್ರ ಬೇರೆ. ಎರಡನ್ನೂ ಕೇಳಿ, ಮಾಡೆಲ್ ನಂಬರನ್ನು ಅಕ್ಷರ ಅಕ್ಷರ ಹೊಂದಿಸಿ ನೋಡಿ. ಮೇಲಿನ ಘಟಕಕ್ಕೂ ಒಂದು ಸರ್ಟಿಫಿಕೇಟಿನ ಜೆರಾಕ್ಸ್ ಕೊಟ್ಟಿದ್ದರು. ಅದು ಬೇರೆ ಕಂಪನಿಯ ಫ್ಲಡ್‌ಲೈಟಿನದು.

ಅಸಲಿ ಮಾಲು ತಂದು ಹಾಕುವಾಗ ಕೆಡಿಸುವುದೂ ಇದೆ. ಗ್ಲಾಂಡ್ ಫ್ಲೇಮ್‌ಪ್ರೂಫ್ ಸರ್ಟಿಫಿಕೇಟ್ ಇರುವುದೇ ಆಗಬೇಕು, ಆರ್ಮರ್ಡ್ ಕೇಬಲ್‌ಗೆ ಡಬಲ್ ಕಂಪ್ರೆಷನ್ ಗ್ಲಾಂಡ್. ಕನಿಷ್ಠ 5 ಪೂರ್ತಿ ಥ್ರೆಡ್ ಕೂತಿರಬೇಕು. ಬಳಸದ ಎಂಟ್ರಿಗೆ ಸರ್ಟಿಫೈಡ್ ಲೋಹದ ಸ್ಟಾಪಿಂಗ್ ಪ್ಲಗ್ ಹಾಕಿ. ಫ್ಲ್ಯಾಂಜ್ ಸಂದಿನ ಎದುರಿಗೆ ಗೋಡೆ, ಪೈಪು, ಆಂಗಲ್ ಹತ್ತಿರ ಬರಬಾರದು: ಐಐಎಗೆ 10 ಮಿ.ಮೀ., ಐಐಬಿಗೆ 30, ಐಐಸಿಗೆ 40 ಅಂತರ ಬಿಡಬೇಕು. ಫ್ಲ್ಯಾಂಜ್ ಮುಖಕ್ಕೆ ಬಣ್ಣ ಬೇಡ, ಎಮೆರಿ ಪೇಪರ್ ಬೇಡ, ಗಟ್ಟಿಯಾಗದ ಗ್ರೀಸನ್ನು ತೆಳ್ಳಗೆ ಸವರಿದರೆ ಸಾಕು. ಅದರಲ್ಲೂ ಸಿಲಿಕಾನ್ ಗ್ರೀಸ್ ಬೇಡ. ಪಕ್ಕದಲ್ಲಿ ಕ್ಯಾಟಲಿಟಿಕ್ ಗ್ಯಾಸ್ ಡಿಟೆಕ್ಟರ್ ಇದ್ದರೆ ಅದರ ಸೆನ್ಸರ್ ಸದ್ದಿಲ್ಲದೆ ಕೆಡುತ್ತದೆ. ಬೋಲ್ಟು ಕಳೆದರೆ ಅದೇ ಗ್ರೇಡಿನದು ತನ್ನಿ. ಸ್ವಿಚ್ಚು ಜೋನ್ ಹೊರಗಿರಲಿ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದಾಗಿರಲಿ. ಹಳೆಯ ಫ್ಲೇಮ್‌ಪ್ರೂಫ್ ಬಾಡಿಯೊಳಗೆ ಪೇಟೆಯ ಎಲ್‌ಇಡಿ ಬಲ್ಬ್ ತಿರುಪಿದರೆ ಆ ಸರ್ಟಿಫಿಕೇಟು ಅಲ್ಲಿಗೆ ಮುಗಿಯಿತು. ಕವರ್ ಪಾಲಿಕಾರ್ಬೊನೇಟ್ ಆಗಿದ್ದರೆ ಒದ್ದೆ ಬಟ್ಟೆಯಲ್ಲೇ ಒರೆಸಿ, ಒಣ ಬಟ್ಟೆಯಲ್ಲಿ ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟುತ್ತದೆ.

ಟ್ಯಾಂಕ್ ತೊಳೆಯುವವರಿಗೆ ‘24 ವೋಲ್ಟ್ ಹ್ಯಾಂಡ್ ಲ್ಯಾಂಪ್ ಅಲ್ವಾ, ಏನೂ ಆಗಲ್ಲ’ ಎಂದು ಕೊಟ್ಟು ಕಳಿಸುತ್ತಾರೆ. 24 ವೋಲ್ಟ್ ಉಳಿಸುವುದು ಶಾಕ್‌ನಿಂದ. ವೈರ್ ಕಿತ್ತಾಗ ಬರುವ ಕಿಡಿ ಆವಿಯನ್ನು ಹೊತ್ತಿಸಲು 24 ವೋಲ್ಟಿನಲ್ಲೂ ಧಾರಾಳ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ಎ ಕಲಂ ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತಿತ್ತು: 24 ವೋಲ್ಟ್ ಮೀರಬಾರದು, ಸುಡುವ ಆವಿ ಇರಬಹುದಾದರೆ ಫ್ಲೇಮ್‌ಪ್ರೂಫ್ ದೀಪವೇ ಆಗಬೇಕು. ಕರೆಂಟು ಹೋದಾಗ ಬ್ಯಾರಲ್‌ನಲ್ಲಿ ಎಷ್ಟಿದೆ ನೋಡಲು ಮೊಬೈಲ್ ಟಾರ್ಚ್ ಹಾಕುವುದಂತೂ ಎಲ್ಲ ಶೆಡ್ಡಿನಲ್ಲೂ ನಡೆಯುವ ಹುಚ್ಚು. ಬಾಗಿಲಲ್ಲೇ ಫೋನು ಇಡಿಸಿ, ಸರ್ಟಿಫೈಡ್ ಟಾರ್ಚ್ ಒಂದನ್ನು ಅಲ್ಲೇ ತೂಗುಹಾಕಿ.

ನಮ್ಮನ್ನು ಕೇಳಿದರೆ, ಮೊದಲ ಪ್ರಶ್ನೆ ಲೈಟು ಜೋನ್ ಒಳಗೆ ಬೇಕೇ ಬೇಕೇ ಎನ್ನುವುದು. ಸಣ್ಣ ಶೆಡ್ಡಿಗೆ ಗೋಡೆಯಲ್ಲಿ ಗಾಜು ಕೂರಿಸಿ, ಸಂದು ಬಿಡದಂತೆ ಸೀಲ್ ಮಾಡಿ, ಜೋನ್ ಇಲ್ಲದ ಆಚೆ ಕಡೆಯಿಂದ ಬೆಳಕು ಬಿಟ್ಟರೆ ಖರ್ಚೂ ಕಡಿಮೆ, ರಗಳೆಯೂ ಕಡಿಮೆ. ಟಾಲ್ಯೂಯಿನ್ ಆವಿ ಗಾಳಿಗಿಂತ ಸುಮಾರು 3 ಪಟ್ಟು ಭಾರ, ನೆಲ ಹಿಡಿದು ಹರಿಯುತ್ತದೆ. ಹಾಗಿರುವಾಗ ಎದೆಯೆತ್ತರದ ಗೋಡೆಯ ಲೈಟು ಆರಿಸಿಕೊಂಡದ್ದೇ ತಪ್ಪು ಜಾಗ. ಫೋರ್ಕ್‌ಲಿಫ್ಟ್ ಬ್ಯಾಟರಿ ಚಾರ್ಜ್ ಮಾಡುವ ಕೋಣೆಯಲ್ಲಿ ಲೆಕ್ಕ ತಿರುಗುಮುರುಗು: ಅಲ್ಲಿ ಹುಟ್ಟುವ ಹೈಡ್ರೋಜನ್ ಸೀದಾ ಚಾವಣಿಗೆ ಏರುತ್ತದೆ, ಲೈಟು ಇರುವುದೂ ಅಲ್ಲೇ. ಹಿಟ್ಟು, ಸಕ್ಕರೆ ಪುಡಿಯ ಧೂಳಿಗೆ ಜೋನ್ 21, 22 ಎಂದು ಬೇರೆಯೇ ವಿಂಗಡಣೆ, ಬೇರೆಯೇ ಗುರುತು. ಗ್ಯಾಸಿನ ಫಿಟಿಂಗ್ ಅಲ್ಲಿಗೆ ತಾನಾಗಿ ಹೊಂದುವುದಿಲ್ಲ.

ಈಗಾಗಲೇ ಹಾಕಿರುವ ಲೈಟಿನ ಮೇಲೆ ಅನುಮಾನವಿದ್ದರೆ, ಆ ಸರ್ಕ್ಯೂಟನ್ನು ಶೆಡ್ಡಿನ ಹೊರಗಿಂದ ಆಫ್ ಮಾಡಿ, ಲಾಕ್ ಹಾಕಿ. ಒಂದು ಫಿಟಿಂಗನ್ನು ಇಳಿಸಿ, ಆವಿ ಇಲ್ಲದ ಕಡೆಗೆ ತಂದು ಮುಚ್ಚಳ ಬಿಚ್ಚಿ. ಫ್ಲ್ಯಾಂಜ್ ಮುಖ ಕನ್ನಡಿಯಂತೆ ಅಲ್ಲದಿದ್ದರೂ ನುಣ್ಣಗೆ, ಬಣ್ಣವಿಲ್ಲದೆ ಇರಬೇಕು. ಬೋಲ್ಟು ಬಿಗಿದ ಮೇಲೆ ಸುತ್ತಲೂ ಫೀಲರ್ ಗೇಜ್ (ಸಂದಿನ ಅಗಲ ಅಳೆಯುವ ತೆಳು ಪಟ್ಟಿ) ಹಾಕಿ, ಸಿಕ್ಕಿದ ಅಳತೆಯನ್ನು ತಯಾರಕರ ಡ್ರಾಯಿಂಗಿನಲ್ಲಿರುವ ಮಿತಿಗೆ ಹೋಲಿಸಿ. ಡ್ರಾಯಿಂಗ್ ಕೇಳಿದರೆ ಕೊಡದ ತಯಾರಕರ ಮಾಲನ್ನು ಅಲ್ಲಿಗೇ ಬಿಡಿ. ಸರ್ಟಿಫಿಕೇಟ್ ಸರಿಯಿದೆ ಎಂದು ಖಾತರಿಯಾಗುವವರೆಗೆ ತುಂಬುವ ಕೆಲಸ ಹಗಲಿನಲ್ಲೇ, ಬಾಗಿಲು ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ನಿಂತರೆ ಪಂಪೂ ನಿಲ್ಲುವಂತೆ ಇಂಟರ್‌ಲಾಕ್ ಹಾಕಿಸಿಕೊಂಡು ನಡೆಯಲಿ. ಆ ಫ್ಯಾನಿನ ಮೋಟಾರು, ಸ್ಟಾರ್ಟರ್ ಎಂಥದ್ದು ಎಂದು ನೋಡುವುದನ್ನು ಮರೆಯಬೇಡಿ.